ಆಧುನಿಕ ಹೀಬ್ರೂ ಸಾಹಿತ್ಯದ ಅಣಕ, ವಿಡಂಬನೆಗಳನ್ನು ಎಲ್ಲಿಂದ ಓದಲು ಶುರು ಮಾಡಬೇಕು?

ಯೋಸೆಫ್ ಪೆರ್ಲ್‌ನ ‘ಮೆಗಲ್ಲೆ ತೆಮಿರಿನ್’ನಿಂದ (ವಿಯೆನ್ನಾ, 1819). ಗಲಿಶಿಯಾದ (ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು) ತರ್ನೊಪೋಲ್‌ನವನಾದ ಪೆರ್ಲ್ ಹಸೀದಿ ಪಂಥದ (ಸಂತಗುರುಗಳನ್ನು ನೆಚ್ಚಿದ ಯಹೂದಿ ಭಕ್ತಿಪಂಥ) ಕಡು ವಿರೋಧಿ. ಆದರೂ ಇಲ್ಲಿ ನೇರವಾಗಿ ಬೈಯುವುದಿಲ್ಲ. ತಾನೇ ಭಕ್ತನ ವೇಷ ಹಾಕಿ, ಒವದ್ಯಾ ಬೆನ್ ಪೆತಹ್ಯಾ ಎಂಬ ಹೆಸರಿನಲ್ಲಿ, ಕೈಗೆ ಸಿಕ್ಕಿದವೆಂದು 151 ಪತ್ರಗಳನ್ನು ‘ಸಂಪಾದಿಸುತ್ತಾನೆ’. ಪತ್ರಗಳಲ್ಲಿ ಓಡಾಡುವ ದೊಡ್ಡ ಗಡಿಬಿಡಿ ಒಂದೇ: ಹಸೀದಿಗಳನ್ನು ಹೀಯಾಳಿಸಿದ ಜರ್ಮನ್ ಪುಸ್ತಕವನ್ನು ಹೇಗಾದರೂ ಹಿಡಿದು ಇಲ್ಲವಾಗಿಸಬೇಕು. ಅಂಥ ಪುಸ್ತಕವನ್ನು ಪೆರ್ಲ್ ನಿಜಕ್ಕೂ ಬರೆದಿದ್ದ ಎಂಬುದು ಒಳಗಿನ ತಮಾಷೆ.

ಚಾಟಿ ಇರುವುದು ಭಾಷೆಯಲ್ಲಿ. ಅವನ ಓರಗೆಯ ಯಹೂದಿ ಸುಧಾರಕರು ಬೈಬಲ್ಲಿನ ಮಡಿ ಹೀಬ್ರೂ ಬರೆಯುತ್ತಿದ್ದರೆ, ಇವನು ಬೇಕೆಂದೇ ವ್ಯಾಕರಣ ಕೆಡಿಸಿ, ಯಿಡ್ಡಿಷ್ (ಪೂರ್ವ ಯುರೋಪಿನ ಯಹೂದಿಗಳ ಆಡುಮಾತು) ಜಾಡಿನ ವಾಕ್ಯಗಳನ್ನು ತುರುಕುತ್ತಾನೆ. ಹಸೀದಿ ಸಂತಕಥೆಗಳ ಗದ್ಯ ಹಾಗೇ ಇತ್ತು. ಅಡಿಟಿಪ್ಪಣಿಗಳಲ್ಲಿ ನಿಜವಾದ ಹಸೀದಿ ಗ್ರಂಥಗಳ ಉಲ್ಲೇಖಗಳಿವೆ; ಹೆಚ್ಚಿನವರು ಎಡವುವುದು ಅವನ್ನು ಹಾರಿಸಿ ಓದುವುದರಿಂದ. ಆಗ ಉಳಿಯುವುದು ಬರೀ ಜಗಳದ ಕಾಗದಗಳು. (ಹಸೀದಿಗಳ ಒಂದೆರಡು ಸಂತಕಥೆಗಳನ್ನು ಮೊದಲೇ ಓದಿಕೊಂಡರೆ ಅರ್ಧ ಕೆಲಸ ಮುಗಿದಂತೆ.)

ಆಮೇಲೆ ಯಿಡ್ಡಿಷ್, ಹೀಬ್ರೂ ಎರಡರಲ್ಲೂ ಬರೆದ ಕಾದಂಬರಿಕಾರ ಮೆಂಡೆಲೆಯ ‘ಮೂರನೆಯ ಬೆಂಜಮಿನ್‌ನ ಪ್ರವಾಸಗಳು’: ಯಿಡ್ಡಿಷ್‌ನಲ್ಲಿ 1878, ಹೀಬ್ರೂನಲ್ಲಿ 1896. ಪ್ರವಾಸಕಥನದ ಅಣಕ, ಓದಲು ಸಲೀಸು.

ಖಾರ ಬೇಕಿದ್ದರೆ ಇಸ್ರೇಲಿ ನಾಟಕಕಾರ ಹನೋಖ್ ಲೆವಿನ್‌ನ ‘ಸ್ನಾನದ ತೊಟ್ಟಿಯ ರಾಣಿ’ (1970). ಅರಬ್ ದೇಶಗಳೊಡನೆ ನಡೆದ 1967ರ ಯುದ್ಧದ ಗೆಲುವಿನ ಅಮಲಿಗೆ ಹಾಡು, ಕಿರುದೃಶ್ಯಗಳ ಏಟು. ಅಬ್ರಹಾಮ ಮಗನನ್ನು ಬಲಿಕೊಡಲು ಹೊರಟ ಕತೆಯನ್ನೇ ತಿರುಚಿದಾಗ ಪ್ರೇಕ್ಷಕರು ರೊಚ್ಚಿಗೆದ್ದರು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳವರೂ ಪ್ರತಿಭಟಿಸಿದರು. ಟೆಲ್ ಅವೀವ್‌ನ ಕಾಮೆರಿ ರಂಗಮಂದಿರ 19 ಪ್ರದರ್ಶನಗಳಿಗೇ ನಾಟಕ ನಿಲ್ಲಿಸಿತು.