ಒತ್ತೆಯಾಳುಗಳನ್ನು ಬಿಡಿಸಲು ಉಗ್ರರನ್ನು ಬಿಡುಗಡೆ ಮಾಡುವುದು ತಪ್ಪೇ?

ಜೀವ ಉಳಿಸಿದ್ದನ್ನು ತಪ್ಪೆನ್ನಲಾಗದು. ಆದರೆ ಅದರ ಬೆಲೆ ತೆರುವವರು ಬೇರೆಯವರು, ತೊಡಕಿರುವುದು ಅಲ್ಲೇ. ಸೆರೆಸಿಕ್ಕವರಿಗೆ ಹೆಸರು, ಮುಖ, ಬೀದಿಗಿಳಿದು ಅಳುವ ಬಂಧುಗಳು ಇರುತ್ತಾರೆ. ನಾಳೆ ಸಾಯಬಹುದಾದವರ ಪರವಾಗಿ ಇಂದು ಮಾತನಾಡುವವರು ಯಾರೂ ಇರುವುದಿಲ್ಲ. ಹಾಗಾಗಿ ‘ಉಗ್ರರೊಂದಿಗೆ ಮಾತುಕತೆಯಿಲ್ಲ’ ಎಂದು ಗುಡುಗುವ ಸರ್ಕಾರವೂ ಕೊನೆಗೆ ಮಣಿಯುತ್ತದೆ. ಅದು ಅಪಹರಣಕಾರರಿಗೂ ಗೊತ್ತು.

1989ರಲ್ಲಿ ಕೇಂದ್ರ ಗೃಹ ಸಚಿವರ ಮಗಳನ್ನು ಬಿಡಿಸಲು ಐವರು ಉಗ್ರರನ್ನು ಬಿಡಲಾಯಿತು. ಹತ್ತು ವರ್ಷಗಳ ಬಳಿಕ ಕಠ್ಮಂಡುವಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನ ಅಪಹರಣಕ್ಕೊಳಗಾಗಿ ಅಫ್ಘಾನಿಸ್ತಾನದ ಕಂದಹಾರ್ ಸೇರಿತು. ಅಪಹರಣಕಾರರು ಮೊದಲು ಕೇಳಿದ್ದು 36 ಕೈದಿಗಳು, ಮೇಲೆ 20 ಕೋಟಿ ಡಾಲರ್. ಚೌಕಾಸಿಯ ನಂತರ ಅದು ಮೂವರಿಗೆ ಇಳಿಯಿತು. 1999ರ ಡಿಸೆಂಬರ್ 31ರಂದು ವಿದೇಶಾಂಗ ಸಚಿವ ಜಸ್ವಂತ್ ಸಿಂಗ್ ಹೋದ ವಿಮಾನದಲ್ಲೇ ಆ ಮೂವರೂ ಹೋದರು.

ಸಂಖ್ಯೆ ಇಳಿಸಿದ್ದೇ ದೊಡ್ಡ ಸಾಧನೆಯೆಂದು ನನಗನ್ನಿಸುವುದಿಲ್ಲ. ಯಾರನ್ನು ಬಿಟ್ಟೆವು ಎಂಬುದು ಮುಖ್ಯ. ಸಾಮಾನ್ಯ ಬಂದೂಕುಧಾರಿಯೇ ಬೇರೆ, ಜನರನ್ನು ಒಗ್ಗೂಡಿಸಬಲ್ಲ ನಾಯಕನೇ ಬೇರೆ. ಬಿಡುಗಡೆಯಾದ ಮಸೂದ್ ಅಜರ್ 2000ದ ಆರಂಭದಲ್ಲೇ ಜೈಷ್-ಎ-ಮೊಹಮ್ಮದ್ ಕಟ್ಟಿದ. 2019ರ ಪುಲ್ವಾಮಾ ದಾಳಿಯ ಹೊಣೆ ಹೊತ್ತದ್ದು ಅದೇ ಸಂಘಟನೆ. ಅಲ್ಲಿ ಮಡಿದ 40 ಸಿಆರ್‌ಪಿಎಫ್ ಯೋಧರಲ್ಲಿ ಮಂಡ್ಯ ಜಿಲ್ಲೆಯವರೊಬ್ಬರೂ ಇದ್ದರು.