ಚೌಕಾಬಾರಕ್ಕೂ ಟೆಸ್ಟ್ ಬರೆಯಬೇಕೇ?

ಪ್ರಶ್ನೆ: ನಾನು ಸಾಫ್ಟ್‌ವೇರ್ ಇಂಜಿನಿಯರ್. ರಾತ್ರಿ ಹೊತ್ತು ಒಬ್ಬನೇ ಕುಳಿತು ಗೊಡೊ ಎಂಬ ಆಟ ತಯಾರಿಕೆಯ ತಂತ್ರಾಂಶ ಬಳಸಿ ಮೊಬೈಲಿಗೆ ಚೌಕಾಬಾರ ಸಿದ್ಧಪಡಿಸುತ್ತಿದ್ದೇನೆ. ಕಚೇರಿಯ ಅಭ್ಯಾಸದಂತೆ ಕೋಡನ್ನು ಪದರ ಪದರವಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಟೆಸ್ಟ್ (ಕೋಡ್ ಸರಿಯಾಗಿ ಓಡುತ್ತದೆಯೇ ಎಂದು ಪರೀಕ್ಷಿಸುವ ಕೋಡ್) ಬರೆಯಲು ಹೊರಟೆ. ತಿಂಗಳುಗಳೇ ಕಳೆದರೂ ಒಂದು ಆಟವನ್ನು ಪೂರ್ತಿ ಆಡಲಾಗುತ್ತಿಲ್ಲ. ಒಬ್ಬನೇ ಮಾಡುವ ಕೆಲಸಕ್ಕೆ ಇಷ್ಟೆಲ್ಲ ಶಿಸ್ತು ಬೇಕೇ?
– ಓದುಗ, ಬೆಂಗಳೂರು

ಉತ್ತರ: ಚೌಕಾಬಾರವನ್ನು ಫೋನಿಗೆ ತಂದೇ ತೀರುತ್ತೇನೆ ಎಂಬ ನಿಮ್ಮ ಹಟ ನನಗೆ ಬಹಳ ಹಿಡಿಸಿತು. ಶಿಸ್ತು ಬೇಕು, ಆದರೆ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಅಲ್ಲ.

ನಿಯಮಗಳ ಕೋಡಿಗೆ ಅದು ಖಂಡಿತ ಬೇಕು. ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು, ಎರಡಕ್ಕೂ ಇನ್ನೊಂದು ಎಸೆತ. ಎದುರಾಳಿಯ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಊರಿಂದ ಊರಿಗೆ, ಮನೆಯಿಂದ ಮನೆಗೆ ಇವು ಬದಲಾಗುವುದರಿಂದ ನೀವು ಯಾವುದನ್ನು ಆರಿಸಿಕೊಂಡಿರಿ ಎಂಬುದು ಟೆಸ್ಟ್‌ನಲ್ಲೇ ದಾಖಲಾಗಲಿ. ಈ ಭಾಗ ಚಿತ್ರ, ಧ್ವನಿ, ಪರದೆ ಯಾವುದನ್ನೂ ಮುಟ್ಟದೆ ತನ್ನಷ್ಟಕ್ಕೆ ಓಡುವಂತಿರಬೇಕು.

ಕವಡೆಯ ರ‍್ಯಾಂಡಮ್ ಸಂಖ್ಯೆಗಳೆಲ್ಲ ಒಂದೇ ಮೂಲದಿಂದ ಬರಲಿ. ಅದರ ಸೀಡನ್ನೂ (ಆ ಸಂಖ್ಯೆಗಳ ಸರಣಿಯನ್ನು ನಿರ್ಧರಿಸುವ ಆರಂಭದ ಸಂಖ್ಯೆ) ಆಟಗಾರರ ನಡೆಗಳನ್ನೂ ಒಂದು ಕಡತದಲ್ಲಿ ಬರೆದಿಡಿ. ‘ಎಂಟು ಬಿದ್ದ ಮೇಲೆ ನನ್ನ ಕಾಯಿಯೇ ಕಾಣೆಯಾಯಿತು’ ಎಂದು ಯಾರಾದರೂ ದೂರಿದರೆ, ಅದೇ ಆಟವನ್ನು ಅದೇ ಎಸೆತಗಳೊಂದಿಗೆ ಮತ್ತೆ ಓಡಿಸಿ ದೋಷ ಹಿಡಿಯಬಹುದು. 1993ರ ಡೂಮ್ ಆಟದ ಡೆಮೊ ಕಡತಗಳು ಇದೇ ತತ್ವದವು. ಅವುಗಳಲ್ಲಿ ವಿಡಿಯೊ ಇಲ್ಲ. ಸೆಕೆಂಡಿಗೆ 35 ಸಲದಂತೆ ಆಟಗಾರ ಏನು ಮಾಡಿದ ಎಂಬುದಷ್ಟೇ ಇದೆ, ಉಳಿದದ್ದನ್ನು ಆಟವೇ ಮರುಸೃಷ್ಟಿಸುತ್ತದೆ. ಒಂಟಿಯಾಗಿ ದುಡಿಯುವವರಿಗೆ ಇದಕ್ಕಿಂತ ದೊಡ್ಡ ಆಸರೆ ನನಗೆ ತಿಳಿದಂತೆ ಬೇರೆ ಇಲ್ಲ.

ಕವಡೆ ಎಷ್ಟು ಹೊತ್ತು ಉರುಳಬೇಕು, ಕಾಯಿ ಹೊಡೆದಾಗ ಸದ್ದು ಹೇಗಿರಬೇಕು ಎಂಬುದನ್ನು ಮಾತ್ರ ಯಾವ ಟೆಸ್ಟೂ ಹೇಳಲಾರದು. ಆಡಿ ನೋಡಿ, ತಿದ್ದಿ, ಮತ್ತೆ ಆಡಬೇಕು. ದಿನವೂ ಬದಲಾಗುವ ಈ ಕೋಡಿಗೆ ಪದರ ಕಟ್ಟಬೇಡಿ, ಒರಟಾಗಿಯೇ ಇರಲಿ. 2018ರ ಸೆಲೆಸ್ಟ್ ಆಟದಲ್ಲಿ ನಾಯಕಿಯ ಓಟ, ಜಿಗಿತ, ಹತ್ತುವಿಕೆಯೆಲ್ಲ ಐದು ಸಾವಿರ ಸಾಲು ದಾಟಿದ ಒಂದೇ ಕಡತದಲ್ಲಿದೆ. ಅದನ್ನು ತಯಾರಕರೇ ಬಹಿರಂಗಪಡಿಸಿದರು. 2010ರ ವಿವಿವಿವಿವಿವಿ ಆಟದ ಕೋಡ್ 2020ರಲ್ಲಿ ಹೊರಬಂದಾಗ, ಆಟದ ಹಲವು ಘಟನೆಗಳು ಒಂದು ದೈತ್ಯ ಸ್ವಿಚ್‌ನಲ್ಲಿ, ಅಂದರೆ ನೂರಾರು ಕವಲುಗಳ ಒಂದೇ ಕೋಡ್ ತುಂಡಿನಲ್ಲಿ, ನಡೆಯುತ್ತಿದ್ದುದು ಕಂಡಿತು. ಅದನ್ನು ಅನುಸರಿಸಿ ಎನ್ನುತ್ತಿಲ್ಲ. ಆದರೆ ಆ ಎರಡು ಆಟಗಳ ಚಲನೆ ಕೈಗೆ ಎಷ್ಟು ಹಿತವೆಂದು ಆಡಿದವರಿಗೆ ಗೊತ್ತು.

ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಬಗ್ಗೆ ರಾಜಿ ಬೇಡ. ಗೊಡೊದ ದೃಶ್ಯ ಕಡತಗಳು ಪಠ್ಯರೂಪದಲ್ಲಿರುವುದರಿಂದ ಯಾವ ಸಾಲು ಬದಲಾಯಿತೆಂದು ಸಲೀಸಾಗಿ ಕಾಣುತ್ತದೆ. ದೊಡ್ಡ ಚಿತ್ರ, ಧ್ವನಿಗಳಿಗೆ ಅವನ್ನು ಬೇರೆಯಾಗಿ ಇಡುವ ಗಿಟ್ ಎಲ್‌ಎಫ್‌ಎಸ್ ಬಳಸಿ. 100 ಎಂಬಿ ಮೀರಿದ ಕಡತವನ್ನು ಕೋಡ್ ಇಡುವ ಜಾಲತಾಣ ಗಿಟ್‌ಹಬ್ ಹಾಗೆಯೇ ಸ್ವೀಕರಿಸುವುದಿಲ್ಲ.

ಈ ವಾರ ಪದರಗಳ ಗೊಡವೆ ಬಿಟ್ಟುಬಿಡಿ. ಬರೀ ಗೆರೆಯ ಮನೆಗಳು, ಬಣ್ಣದ ದುಂಡು ಕಾಯಿಗಳು ಸಾಕು. ಇಬ್ಬರು ಒಂದೇ ಫೋನಿನಲ್ಲಿ ಮೊದಲಿನಿಂದ ಹಣ್ಣಾಗುವವರೆಗೆ ಆಡುವಂತೆ ಮಾಡಿ, ಕಡಿಮೆ ಬೆಲೆಯ ಹಳೆಯ ಫೋನಿಗೆ ಹಾಕಿ, ಚೌಕಾಬಾರ ಬಲ್ಲ ಹಿರಿಯರ ಕೈಗೆ ಕೊಡಿ. ಅವರು ತೆಗೆಯುವ ತಕರಾರು ನಿಯಮದ್ದಾದರೆ ಅದಕ್ಕೊಂದು ಟೆಸ್ಟ್ ಬರೆಯಿರಿ, ಕವಡೆ ನಿಧಾನವಾಯಿತು ಎಂದರೆ ಅವರ ಎದುರಿಗೇ ತಿದ್ದಿ ಮತ್ತೆ ಆಡಿಸಿ.