ಮತವಿಲ್ಲದ ಸಂಘಗಳ ಮಾತನ್ನು ಸರ್ಕಾರಗಳು ಏಕೆ ಕೇಳುತ್ತವೆ?

"ಸ್ವಯಂಸೇವಾ ಸಂಘಗಳಿಗೆ ಮತವೂ ಇಲ್ಲ, ಅಧಿಕಾರವೂ ಇಲ್ಲ. ಅವು ದೇಶದೇಶಗಳ ನೀತಿಯನ್ನು ಬದಲಾಯಿಸುತ್ತವೆ ಎನ್ನುವುದು ನಿಜವೇ, ಇಲ್ಲ ಅವರೇ ಹೇಳಿಕೊಳ್ಳುವ ಮಾತೇ?" ಎಂದು ಕೇಳಿದ್ದೀರಿ. ನಿಜ, ಬದಲಾಯಿಸುತ್ತವೆ. ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವ ಒಂದು ಸಣ್ಣ ಸಂಘದಲ್ಲಿ ವರದಿ ಬರೆಯುವ ಕೆಲಸ ಮಾಡಿದವನು ನಾನು. ಕಣ್ಣಾರೆ ಕಂಡದ್ದರಿಂದಲೇ ಶುರು ಮಾಡುತ್ತೇನೆ.

ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಒಪ್ಪಿದ ಪ್ರತಿ ಸರ್ಕಾರವೂ ಎರಡು ವರ್ಷದೊಳಗೆ ಮೊದಲ ವರದಿ ಸಲ್ಲಿಸಬೇಕು, ಆಮೇಲೆ ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ. ಅದನ್ನು ಜಿನೀವಾದಲ್ಲಿ ತಜ್ಞರ ಸಮಿತಿಯೊಂದು ಪರಿಶೀಲಿಸುತ್ತದೆ. ಅದೇ ಹೊತ್ತಿಗೆ ಸಂಘಗಳು ಪರ್ಯಾಯ ವರದಿ ಕಳುಹಿಸಬಹುದು. ನಮ್ಮ ಸರ್ಕಾರದ ವರದಿಯಲ್ಲಿ ಒಂದು ವಾಕ್ಯವಿತ್ತು: ಮತಗಟ್ಟೆಗಳಲ್ಲಿ ಇಳಿಜಾರು ನಿರ್ಮಿಸಲಾಗಿದೆ. ನಾವು ಟೇಪು ಹಿಡಿದು ಹೋದೆವು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಎನ್ನುವುದು ಎಲ್ಲೆಡೆ ಬಳಕೆಯಲ್ಲಿರುವ ಲೆಕ್ಕ. ಅಲ್ಲಿ ಎರಡು ಅಡಿ ಎತ್ತರಕ್ಕೆ ಇದ್ದದ್ದು ಐದೇ ಅಡಿ. ಜೊತೆಗೆ ಬಂದಿದ್ದ ಮಹಿಳೆ ತಮ್ಮ ಗಾಲಿಕುರ್ಚಿಯನ್ನು ಹತ್ತಿಸಲು ನೋಡಿದರು. ಮುಂದಿನ ಗಾಲಿಗಳು ಮೇಲೆದ್ದವು, ಹಿಂದೆ ಇಬ್ಬರು ಹಿಡಿದುಕೊಂಡೆವು. ಹೇಗೋ ತುದಿ ಮುಟ್ಟಿದರೆ ಅಲ್ಲೊಂದು ಎತ್ತರದ ಹೊಸ್ತಿಲು.

ಈ ಬಗ್ಗೆ ಅಲ್ಲಿನ ಕಚೇರಿಗೆ ಮೂರು ಪತ್ರ ಬರೆದರೂ ಉತ್ತರ ಬರಲಿಲ್ಲ. ಕೊನೆಗೆ ಫೋಟೊ ಮತ್ತು ಎರಡು ಅಳತೆಗಳನ್ನು ಜಿನೀವಾಕ್ಕೆ ಕಳುಹಿಸಿದೆವು. ಸಭೆಯಲ್ಲಿ ತಜ್ಞರೊಬ್ಬರು ನಮ್ಮ ಸರ್ಕಾರದ ನಿಯೋಗವನ್ನು ನೇರವಾಗಿ ಕೇಳಿದರು: ಆ ಇಳಿಜಾರುಗಳ ಅಳತೆ ಎಷ್ಟು? ಅಧಿಕಾರಿ ಹಾಳೆ ಮಗುಚಿದರು, ಲಿಖಿತವಾಗಿ ತಿಳಿಸುತ್ತೇವೆ ಎಂದರು. ಮುಂದಿನ ಚುನಾವಣೆಯ ಹೊತ್ತಿಗೆ ಅದೇ ಮತಗಟ್ಟೆಯ ಇಳಿಜಾರು ಉದ್ದವಾಗಿತ್ತು. ಮನೆಯೊಳಗೆ ಯಾರೂ ಕೇಳದ ದೂರು ಊರೆಲ್ಲ ಸುತ್ತಿ ಹತ್ತು ಜನರ ಎದುರು ಬಂದು ನಿಂತಾಗ ಮನೆಯವರಿಗೆ ಕೇಳಿಸುತ್ತದೆ. ಗಡಿಯಾಚೆಯ ಒತ್ತಡ ಎನ್ನುವುದು ಬಹುಪಾಲು ಇಷ್ಟೇ.

ಆದರೆ ಸಭೆಯಲ್ಲಿ ಸಂಘಗಳ ಮಾತಿಗೆ ಜಾಗ ಸಿಕ್ಕಿದ್ದು ಹೇಗೆ? 1945ರ ವಿಶ್ವಸಂಸ್ಥೆಯ ಸನ್ನದಿನ 71ನೇ ವಿಧಿ ಸರ್ಕಾರೇತರ ಸಂಸ್ಥೆಗಳ ಜೊತೆ ಸಮಾಲೋಚಿಸಲು ಅವಕಾಶ ಕೊಟ್ಟಿತು. ಸಮಾಲೋಚನೆ ಎಂದರೆ ಹೆಚ್ಚಾಗಿ ಹಿಂದಿನ ಸಾಲಿನ ಕುರ್ಚಿ, ಎಲ್ಲ ದೇಶಗಳೂ ಮಾತು ಮುಗಿಸಿದ ಮೇಲೆ ಎರಡು ನಿಮಿಷ. ನಮ್ಮ ಒಡಂಬಡಿಕೆಯ ವಿಷಯದಲ್ಲಿ ಹಾಗಾಗಲಿಲ್ಲ. 2004ರ ಜನವರಿಯಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿದ ಗುಂಪಿನಲ್ಲಿ 27 ಸರ್ಕಾರಗಳ ಜೊತೆ 12 ಸಂಘಟನೆಗಳ ಪ್ರತಿನಿಧಿಗಳು ಒಂದೇ ಮೇಜಿಗೆ ಕುಳಿತಿದ್ದರು. "ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ" ಎಂಬ ಘೋಷಣೆ ಹೊತ್ತು ಬಂದವರು ಅವರು. 2006ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಪಠ್ಯದ 33ನೇ ವಿಧಿ, ಜಾರಿಯ ಮೇಲೆ ಕಣ್ಣಿಡುವ ಕೆಲಸದಲ್ಲಿ ಅಂಗವಿಕಲರ ಸಂಘಟನೆಗಳು ಭಾಗವಹಿಸಬೇಕು ಎಂದೇ ಹೇಳುತ್ತದೆ. ನಮ್ಮ ಟೇಪಿಗೆ ಬೆಲೆ ಬಂದದ್ದು ಅಲ್ಲಿಂದ.

ಇನ್ನೊಂದು ದಾರಿ, ಸಭೆಯ ನಿಯಮವನ್ನೇ ಬದಲಿಸುವುದು. ಆರು ಸಂಸ್ಥೆಗಳು ಸೇರಿ 1992ರಲ್ಲಿ ನೆಲಬಾಂಬ್ ನಿಷೇಧದ ಆಂದೋಲನ ಆರಂಭಿಸಿದವು. ಆದರೆ ಆಗ ದೇಶಗಳ ನಡುವೆ ನಡೆಯುತ್ತಿದ್ದ ಮಾತುಕತೆಯಲ್ಲಿ ಎಲ್ಲರೂ ಒಪ್ಪಬೇಕಿತ್ತು, ಹಾಗಾಗಿ 1996ರಲ್ಲಿ ಹೊರಬಂದದ್ದು ಸಪ್ಪೆ ನಿಯಮ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೆನಡಾದ ವಿದೇಶಾಂಗ ಸಚಿವ ಲಾಯ್ಡ್ ಆಕ್ಸ್‌ವರ್ದಿ, 1997 ಮುಗಿಯುವುದರೊಳಗೆ ಒಟ್ಟಾವಾಕ್ಕೆ ಬಂದು ಪೂರ್ಣ ನಿಷೇಧಕ್ಕೆ ಸಹಿ ಹಾಕಿ ಎಂದು ದೇಶಗಳನ್ನು ಕರೆದರು. ಓಸ್ಲೋದ ಅಂತಿಮ ಮಾತುಕತೆಯಲ್ಲಿ ಮೂರನೇ ಎರಡರಷ್ಟು ಬಹುಮತ ಸಾಕೆಂದಾಯಿತು. ಅಮೆರಿಕ ಕೊರಿಯಾಕ್ಕೆ ವಿನಾಯಿತಿ ಕೇಳಿತು, ಸಿಗಲಿಲ್ಲ, ಹೊರನಡೆಯಿತು. ಡಿಸೆಂಬರ್‌ನಲ್ಲಿ 122 ದೇಶಗಳು ಸಹಿ ಹಾಕಿದವು. ಅಮೆರಿಕ, ರಷ್ಯಾ, ಚೀನಾ, ಭಾರತ ಇಂದಿಗೂ ಹೊರಗಿವೆ. 2025ರಲ್ಲಿ ರಷ್ಯಾದ ಭಯ ಮುಂದಿಟ್ಟು ಪೋಲೆಂಡ್, ಫಿನ್ಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳು ಹಿಂದೆ ಸರಿಯಲು ತೀರ್ಮಾನಿಸಿದವು. ನನಗೆ ಆ ಸುದ್ದಿ ತುಂಬಾ ನೋವು ಕೊಟ್ಟಿತು. ಸಹಿ ಹಾಕಿಸಿದ ಮೇಲೂ ಕಾವಲು ಬಿಡುವಂತಿಲ್ಲ.

ಈ ಸಂಘಗಳನ್ನು ಆರಿಸಿದವರು ಯಾರು ಎಂಬ ಟೀಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಹಣವಿರುವ ದೊಡ್ಡ ಸಂಸ್ಥೆಗಳು ಬಡ ದೇಶಗಳ ಸಂಘಗಳ ಪರವಾಗಿ ತಾವೇ ಮಾತಾಡಿಬಿಡುತ್ತವೆ. ನಮ್ಮ ವರದಿಯನ್ನೂ ಅಂಥದ್ದೊಂದು ಸಂಸ್ಥೆ ಚಿಕ್ಕದಾಗಿಸಿ ಮಂಡಿಸಿತು. ಅದರಲ್ಲಿ ಇಳಿಜಾರಿನ ಅಳತೆ ಇತ್ತು, ಗಾಲಿಕುರ್ಚಿಯಲ್ಲಿದ್ದ ಮಹಿಳೆಯ ಮಾತು ಇರಲಿಲ್ಲ. "ದಯವಿಟ್ಟು ನನ್ನನ್ನು ಎತ್ತಿಕೊಂಡು ಹೋಗಬೇಡಿ" ಎಂದಿದ್ದರು ಅವರು. ಮುಂದಿನ ಸಲ ಜಿನೀವಾಕ್ಕೆ ಅವರನ್ನೇ ಕಳುಹಿಸಿದೆವು.